ಪಾಪ್‌ಕಾರ್ನ್ ಗುಡಿಸಿದವಳ ಮಾತು

ದೀಕ್ಷಾ, ಆ ಭಾಷಣ ನನ್ನದಲ್ಲ. ಎರಡು ವರ್ಷದ ಹಿಂದೆ ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ನಾನು ಮೈಕಿನ ಮುಂದೆ ಆಡಿದ್ದು, ನೀನು ಫೋನಿನಿಂದ ತಲೆಯೆತ್ತಿ ಕೇಳಿದ್ದು — ಅದೆಲ್ಲ ನಿನ್ನ ಅಮ್ಮನದು. ನಾನು ಕದ್ದೆ.

ನಿನಗೆ ಗೊತ್ತಿರುವಂತೆ ನಾನೂ ನಿನ್ನ ಅಮ್ಮ ಸುಮತಿಯೂ ಒಂದೇ ಬಿಲ್ಡಿಂಗಿನವರು. ಮೆಡೋವೇಲ್ ಬಡಾವಣೆಯ ನನ್ನ ಆಫೀಸಿನ ದಾರಿಯಲ್ಲೇ ಅವಳ ಥಿಯೇಟರು — ಅಲ್ಲಿ ಟಿಕೆಟ್ ಹರಿಯುವುದು, ಆಟ ಮುಗಿದ ಮೇಲೆ ಹಾಲ್ ಗುಡಿಸುವುದು ಅವಳ ಕೆಲಸ. ದಿನಾ ಕಾರಿನಲ್ಲಿ ಅವಳನ್ನು ಕರೆದೊಯ್ಯುತ್ತಿದ್ದೆ. ಕೂತ ಕೂಡಲೇ ಅಮೆರಿಕದ ಸಿನಿಮಾಗಳ ಮಾತು ತೆಗೆಯುತ್ತಿದ್ದಳು.

"ಜನರ ಕೆಲಸ ಹೋದ ವರ್ಷ ಉಂಟಲ್ಲ, ಆಗ ಲೋಕವೇ ಮುಳುಗುವ ಪಿಚ್ಚರಿಗೆ ಹೌಸ್‌ಫುಲ್ಲು ಮಾರಾಯ್ರೆ. ನಗ್ತಾ ಹೊರಗೆ ಬರ್ತಿದ್ರು. ನಮ್ಮದು ಅಷ್ಟು ಹಾಳಾಗ್ಲಿಲ್ಲ ಅಂತ ಸಮಾಧಾನವಾ ಎಂತದಾ! ಈಗ ನೋಡಿ, ಹಳೇ ಪಿಚ್ಚರನ್ನೇ ಪುನಃ ತೆಗೀತಾರೆ. ನಾಳೆ ಅಂದ್ರೆ ಹೆದರಿಕೆ ಇವ್ರಿಗೆ, ಹಾಗಾಗಿ ನಿನ್ನೆಗೆ ಟಿಕೆಟ್ ತೆಗೀತಾರೆ."

ಸೀಟಿನ ಕೆಳಗಿನ ಪಾಪ್‌ಕಾರ್ನಿನಲ್ಲೂ ಅವಳಿಗೆ ಕಾಲ ಕಾಣುತ್ತಿತ್ತು. ದೆವ್ವದ ಸಿನಿಮಾ ಆದರೆ ಡಬ್ಬಿಗಳು ಖಾಲಿಯಂತೆ. ಪಕ್ಕದ ಮನೆಯ ಸಂಭಾವಿತನೇ ಕೊಲೆಗಾರನಾದರೆ ಅರ್ಧಕ್ಕರ್ಧ ಹಾಗೇ ಉಳಿಯುತ್ತದಂತೆ. ಜನ ಈಗ ದೆವ್ವಕ್ಕಿಂತ ನೆರೆಯವನಿಗೆ ಹೆಚ್ಚು ಹೆದರುತ್ತಾರೆ ಎನ್ನುತ್ತಿದ್ದಳು. ಧಾರವಾಡದಲ್ಲಿ ಎಂ.ಎ. ಮಾಡಿದ ನನಗೆ ಇಂಥದ್ದೊಂದು ಮಾತು ಎಂದೂ ಹೊಳೆದಿರಲಿಲ್ಲ. ಹೊಟ್ಟೆ ಉರಿಯುತ್ತಿತ್ತು — ಸುಳ್ಳು ಹೇಳಲಾರೆ.

ರಾಜ್ಯೋತ್ಸವದ ಉಸ್ತುವಾರಿ ನನ್ನದು. ಅವಳು ಒಂದು ನೋಟ್‌ಬುಕ್ಕು ತಂದುಕೊಟ್ಟಳು. "ಇದೆಲ್ಲ ಬರೆದಿದ್ದೇನೆ. ನನ್ನದು ಊರಿನ ಕನ್ನಡ, ಸ್ವಲ್ಪ ಸರಿ ಮಾಡಿ. ಹತ್ತು ನಿಮಿಷ ಕೊಟ್ರೆ ಸಾಕು. ಮಗಳು ಒಮ್ಮೆ ಕೇಳ್ಲಿ. ಅವಳಿಗೆ ನಾನು ಗುಡಿಸುವವಳು, ಅಷ್ಟೇ."

ಎರಡು ದಿನ ಬಿಟ್ಟು ನಾನೆಂದೆ: "ಈ ಸಲ ಡ್ಯಾನ್ಸ್ ಭಾಳ ಅದಾವ ಸುಮತಿ, ಟೈಮಿಲ್ಲ. ಮುಂದಿನ ವರ್ಷ ನೋಡೋಣಂತ."

ಟೈಮ್ ಇತ್ತು. ಟಿಕೆಟ್ ಹರಿಯುವವಳನ್ನು ವೇದಿಕೆ ಹತ್ತಿಸಿದರೆ ಜನ ಏನಂದಾರು ಎಂಬ ಅಳುಕು — ನೀಚತನ ಎಂದೇ ಅನ್ನಬೇಕು.

ರಾಜ್ಯೋತ್ಸವದ ದಿನ ಮುಖ್ಯ ಅತಿಥಿಗಳಿಗೆ ಜ್ವರ ಬಂತು. ಅರ್ಧ ಗಂಟೆ ಖಾಲಿ. ನೋಟ್‌ಬುಕ್ಕು ನನ್ನ ಬ್ಯಾಗಿನಲ್ಲಿತ್ತು, ಸುಮತಿ ಇಪ್ಪತ್ತು ಹೆಜ್ಜೆ ದೂರದ ಅಡುಗೆಮನೆಯಲ್ಲಿ ಬಿಸಿಬೇಳೆಬಾತ್ ಕಲಸುತ್ತಿದ್ದಳು. ಕರೆದರೆ ಸಾಕಿತ್ತು. ಕರೆಯಲಿಲ್ಲ. ಅವಳು 'ನಾನು ಗುಡಿಸುವಾಗ' ಎಂದು ಬರೆದಿದ್ದ ಕಡೆ ಕೆಂಪು ಪೆನ್ನಿನಿಂದ ಗೀಟು ಹಾಕಿ, 'ವಿದ್ವಾಂಸರು ಗಮನಿಸಿದಂತೆ' ಎಂದು ತಿದ್ದಿಕೊಂಡು ವೇದಿಕೆ ಹತ್ತಿದೆ. ಅರ್ಧ ಭಾಷಣಕ್ಕೆ ಬಂದಾಗ ಅಡುಗೆಮನೆಯ ಬಾಗಿಲಲ್ಲಿ ಅವಳು ಸೌಟು ಹಿಡಿದು ನಿಂತಿದ್ದಳು. ನೋಡಿದೆ. ಆದರೂ ಮುಗಿಸಿದೆ. ಚಪ್ಪಾಳೆ ಬಿತ್ತು.

ಊಟದ ಸಾಲಿನಲ್ಲಿ ನೀನು ನನ್ನ ಮುಂದೆಯೇ ಇದ್ದೆ. ಬಡಿಸುತ್ತಿದ್ದ ಅಮ್ಮನಿಗೆ ಹೇಳಿದೆ — "ಅಮ್ಮಾ, ಯೂ ವರ್ಕ್ ದೇರ್. ಹೌ ಕಮ್ ಯೂ ನೆವರ್ ನೋಟಿಸ್ ದಿಸ್ ಸ್ಟಫ್?"

"ಆಂಟಿ ಓದಿದವ್ರಲ್ವಾ ಮಗಾ," ಎಂದಳು ಸುಮತಿ. ಆಮೇಲೆ ನನ್ನ ತಟ್ಟೆಗೆ ಬಡಿಸಿದಳು. "ಚಂದ ಆಯ್ತು. ಇನ್ನು ಸ್ವಲ್ಪ ಹಾಕ್ಲಾ?"

ಆಗಲಾದರೂ ಬಾಯಿ ಬಿಡಬಹುದಿತ್ತು — ಹಾಕಿಸಿಕೊಂಡೆ. ತಿಂದೆ ಕೂಡ.

ಅವಳು ಈಗಲೂ ನನ್ನ ಕಾರಿನಲ್ಲೇ ಬರುತ್ತಾಳೆ. ಚಳಿ, ಟ್ರಾಫಿಕ್ಕು, ನಿನ್ನ ಪರೀಕ್ಷೆ — ಇಷ್ಟೇ ಮಾತು. ಸಿನಿಮಾದ ಸುದ್ದಿ ಮತ್ತೆಂದೂ ಎತ್ತಿಲ್ಲ. ನೋಟ್‌ಬುಕ್ಕನ್ನೂ ವಾಪಸು ಕೇಳಿಲ್ಲ.

ಇನ್ನೊಂದು ಹೇಳಬೇಕು. ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ನಿನಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಅದು ಗೊತ್ತಿದ್ದೇ ಬರೆಯಲು ಕೂತೆ — ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನ್ನ ಬುದ್ಧಿ ಇನ್ನೂ ಅಲ್ಲೇ ಇದೆ.

ಅದಕ್ಕೇ ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಅಮ್ಮ ಎದುರಿಗಿರುವಾಗಲೇ ಇಷ್ಟನ್ನೂ ಗಟ್ಟಿಯಾಗಿ ಓದುತ್ತೇನೆ. ನೋಟ್‌ಬುಕ್ಕನ್ನು ಅವಳ ಕೈಗೆ ಕೊಡುತ್ತೇನೆ. ಕೆಂಪು ಗೀಟಿನ ಕೆಳಗೆ 'ನಾನು ಗುಡಿಸುವಾಗ' ಎಂಬುದು ಇನ್ನೂ ಸ್ಪಷ್ಟವಾಗಿದೆ. ಅವಳಿಗೆ ಮನಸ್ಸಿದ್ದರೆ ಅಲ್ಲಿಂದ ಓದಲಿ. ನೀನು ಕೇಳು.