ಕಾರಿನ ಎಣ್ಣೆಸ್ನಾನ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಐದು ಜನರಿದ್ದೆವು: ಅಪ್ಪ, ಅಮ್ಮ, ಅಕ್ಕ, ನಾನು ಮತ್ತು ಕಾರು. ನಗಬೇಡಿ, ನಾನು ಲೆಕ್ಕ ಹಾಕುತ್ತಿದ್ದದ್ದೇ ಹಾಗೆ. ಅಪ್ಪನ ಆಫೀಸಿನ ಸಾಹೇಬರೊಬ್ಬರು ಊರು ಬಿಟ್ಟು ಹೋಗುವಾಗ ಮಾರಿಹೋದ ಹಳೆಯ ವಿಲಾಯತಿ ಕಾರು ಅದು. ಒಳಗೆ ಕೂತರೆ ಬಿಸಿಲಿಗೆ ಕಾದ ಚರ್ಮದ ಸೀಟು, ಪೆಟ್ರೋಲು, ಅಮ್ಮ ಮುಂದೆ ಇಟ್ಟ ಮಲ್ಲಿಗೆ, ಎಲ್ಲ ಸೇರಿದ ಒಂದು ವಾಸನೆ. ಆಗ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಹಿಂದಿನ ಸೀಟಿನಲ್ಲಿ ಮಲಗಿ, ಉದ್ದನೆಯ ಹುಲ್ಲಿನ ಮೇಲೆ ಗಾಳಿ ಓಡುವುದನ್ನು ನೋಡುತ್ತಾ ಎಷ್ಟೋ ಮಧ್ಯಾಹ್ನ ನಿದ್ದೆ ಹೋಗಿದ್ದೇನೆ.

ಆ ಕಾರಿನ ವೈಪರ್ ಈಗಿನ ಹಾಗೆ ಕರೆಂಟಿನಿಂದ ಓಡುತ್ತಿರಲಿಲ್ಲ. ಎಂಜಿನ್ ಒಂದು ರಬ್ಬರ್ ಕೊಳವೆಯ ಮೂಲಕ ಗಾಳಿ ಎಳೆದುಕೊಳ್ಳುತ್ತಿತ್ತು, ಆ ಎಳೆತಕ್ಕೆ ವೈಪರ್ ಆಡುತ್ತಿತ್ತು. ಏರು ರಸ್ತೆ ಬಂದರೆ ಎಂಜಿನ್ನಿಗೆ ಉಬ್ಬಸ, ವೈಪರ್ ಗಾಜಿನ ಮಧ್ಯದಲ್ಲೇ ನಿಂತುಬಿಡುತ್ತಿತ್ತು. ಅಪ್ಪ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮತ್ತೆ ಓಡುತ್ತಿತ್ತು. ಕಾರು ಉಸಿರಾಡುತ್ತದೆ ಎಂದು ನಾನು ನಂಬಿದ್ದರಲ್ಲಿ ತಪ್ಪೇನಿದೆ, ನೀವೇ ಹೇಳಿ.

ಆ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಅಕ್ಕ ರೇಡಿಯೋದಲ್ಲಿ ಹಾಡಬೇಕಿತ್ತು. ಮಕ್ಕಳ ಕಾರ್ಯಕ್ರಮ, ಒಂದೇ ಒಂದು ಹಾಡು. ಮೊದಲೇ ಹಾಡಿಸಿ ಇಟ್ಟುಕೊಳ್ಳುವುದಲ್ಲ, ಅಲ್ಲಿ ಹಾಡಿದ್ದು ಆ ಕ್ಷಣವೇ ಎಲ್ಲರ ಮನೆಯಲ್ಲೂ ಕೇಳುವಂಥದ್ದು. ತಡವಾದರೆ ಸರದಿ ಹೋಯಿತು. ಹದಿಮೂರು ವರ್ಷದ ಅಕ್ಕ ತಿಂಗಳಿಡೀ ಕೋಳಿ ಕೂಗುವ ಮುಂಚೆ ಎದ್ದು ಅದನ್ನೇ ಹಾಡಿದ್ದಳು. ಪಕ್ಕದ ಮನೆಯವರು ತಮ್ಮ ರೇಡಿಯೋವನ್ನು ಜಗಲಿಗೆ ತಂದಿಡುತ್ತೇವೆ, ಬೀದಿಯವರೆಲ್ಲ ಬರಲಿ ಎಂದಿದ್ದರು.

ನಮ್ಮ ಮನೆಯಲ್ಲಿ ಹೆಂಗಸರಿಗೆ ಶುಕ್ರವಾರ, ಗಂಡಸರಿಗೆ ಶನಿವಾರ ಎಣ್ಣೆಸ್ನಾನ. ಅಂದು ಬೆಳಿಗ್ಗೆ ಅಮ್ಮ ಬಿಸಿ ಹರಳೆಣ್ಣೆಯನ್ನು ನನ್ನ ನೆತ್ತಿಗೆ ತಟ್ಟಿ, ಮಂಡಿ ಮೊಣಕೈಗಳಿಗೆಲ್ಲ ತಿಕ್ಕಿ, “ಒಂದು ಗಳಿಗೆ ನೆನೀಲಿ, ಮೈ ಹಗುರ ಆಗತ್ತೆ” ಎಂದು ಬಿಸಿಲಿಗೆ ಬಿಟ್ಟಳು. ಬಟ್ಟಲಲ್ಲಿ ಎಣ್ಣೆ ಮಿಕ್ಕಿತ್ತು. ಅಂಗಳದಲ್ಲಿ ಕಾರು ಒಣಗಿಕೊಂಡು ನಿಂತಿತ್ತು. ಅದರ ವೈಪರ್ ಕೆಲವು ದಿನದಿಂದ ಕಿರ್ ಕಿರ್ ಎನ್ನುತ್ತಿತ್ತು, ಪಾಪ. ಎರಡೂ ವೈಪರಿನ ರಬ್ಬರಿಗೆ ನಾನು ಬೆರಳಿಂದ ನಿಧಾನವಾಗಿ ಎಣ್ಣೆ ತಿಕ್ಕಿದೆ. ಅಷ್ಟರಲ್ಲಿ ಅಮ್ಮ ಬಚ್ಚಲಿಗೆ ಕರೆದಳು. ನನಗೆ ಸೀಗೆಪುಡಿ ಬಿತ್ತು, ಕಾರಿಗೆ ಬೀಳಲಿಲ್ಲ.

ಅಮ್ಮ ಬೀದಿಯವರ ಜೊತೆ ಜಗಲಿಯಲ್ಲಿ ಕೇಳಲು ಉಳಿದಳು, ಎರಡು ಗಂಟೆಗೆ ನಾವು ಮೂವರು ಹೊರಟೆವು. ಅಕ್ಕ ರೇಷ್ಮೆ ಲಂಗ ಮುದುಡದಂತೆ ನೆಟ್ಟಗೆ ಕೂತಿದ್ದಳು. ಸೌತ್ ಎಂಡ್ ದಾಟುವಷ್ಟರಲ್ಲಿ ಆಕಾಶ ಹರಿದುಬಿದ್ದಂತೆ ಮಳೆ ಬಂತು. ಅಪ್ಪ ವೈಪರ್ ಹಾಕಿದರು. ಅದು ಒಂದು ಚೂರೂ ಸದ್ದಿಲ್ಲದೆ ಆಚೀಚೆ ಆಡಿತು. ಆದರೆ ಗಾಜಿನ ಮೇಲೆ ಬೆಳ್ಳಗೆ ಮಬ್ಬು ಕವಿಯಿತು. ಲಾಲ್‌ಬಾಗಿನ ಮರಗಳು ಕರಗಿ ಹರಿದವು. ಎದುರು ಬಂದ ಕೆಂಪು ಬಸ್ಸು ಒಂದು ದೊಡ್ಡ ಹೂವಾಗಿ ಅರಳಿ ಪಕ್ಕಕ್ಕೆ ಹೋಯಿತು. ನಿಜ ಹೇಳುತ್ತೇನೆ, ಅದು ತುಂಬ ಚೆನ್ನಾಗಿತ್ತು.

ಅಪ್ಪ ಕಾರನ್ನು ಮರದ ಕೆಳಗೆ ನಿಲ್ಲಿಸಿದರು. ಕೊಳವೆ ಸೀಳಿದೆಯೇ ಎಂದು ಬಾನೆಟ್ ಎತ್ತಿ ನೋಡಿದರು, ಸರಿಯಾಗಿತ್ತು. ರಬ್ಬರ್ ಸವೆದಿರಬೇಕೆಂದು ಎಡಗಡೆಯದನ್ನು ಬಲಕ್ಕೆ ಹಾಕಿದರು. ಮಬ್ಬು ಹಾಗೇ ಇತ್ತು. ಗಾಜನ್ನು ಪೇಪರಿನಿಂದ ಒರೆಸಿದರು. ವೈಪರ್ ಒಂದು ಸಲ ಆಡಿದ್ದೇ ತಡ, ಮತ್ತೆ ಮಬ್ಬು. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಅಕ್ಕ ಅಳಲಿಲ್ಲ, ಅತ್ತರೆ ಗಂಟಲು ಕಟ್ಟುತ್ತದೆಂದು ತುಟಿ ಕಚ್ಚಿ ಕೂತಿದ್ದಳು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

“ಅಪ್ಪ, ನಾನೇ ವೈಪರ್‌ಗೆ ಎಣ್ಣೆ ಹಚ್ಚಿದ್ದು” ಎಂದೆ. “ಶನಿವಾರ ಅಲ್ವಾ, ಅದಕ್ಕೆ.”

ಅಪ್ಪ ಮಳೆಯಲ್ಲೇ ನಿಂತು ನನ್ನನ್ನು ನೋಡಿದರು. ಬೆನ್ನಿಗೆ ಏಟು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡೆ. ಮಾತಾಡಿದ್ದು ಅಕ್ಕ. “ಹಾಗಿದ್ರೆ ಸೀಗೆಪುಡಿ ಹಾಕಿದ್ರೆ ಹೋಗತ್ತಲ್ಲಪ್ಪ!”

ನಾನು ಎದುರು ಮನೆಗೆ ಓಡಿದೆ. ಬಾಗಿಲು ತೆಗೆದ ಅಜ್ಜಿಗೆ ಸ್ವಲ್ಪ ಸೀಗೆಪುಡಿ ಬೇಕು ಎಂದೆ.

“ಈ ಮಳೇಲಿ ಯಾರಿಗೋ ಸ್ನಾನ?”

“ಕಾರಿಗೆ, ಅಜ್ಜಿ.”

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೇರೇನೂ ಕೇಳದೆ ಒಂದು ಕರಟದ ತುಂಬ ಪುಡಿ ಕೊಟ್ಟರು. ಅಪ್ಪ ಗಾಜಿಗೂ ರಬ್ಬರಿಗೂ ತಿಕ್ಕಿದರು, ಮಳೆಯೇ ತೊಳೆಯಿತು. ಕಂದು ನೊರೆ ಇಳಿದುಹೋದ ಮೇಲೆ ವೈಪರ್ ಕಿರ್ ಎಂದು ಒರೆಸಿತು. ಗಾಜಿನಾಚೆ ಒಂದೊಂದು ಎಲೆಯೂ ಕಾಣಿಸಿತು.

ರೇಡಿಯೋ ಸ್ಟೇಷನ್ ಮುಟ್ಟಿದಾಗ ಐದು ನಿಮಿಷ ಉಳಿದಿತ್ತು. ಬಾಗಿಲಲ್ಲಿದ್ದವನು ಅಕ್ಕನನ್ನು ಒಳಗೆ ಬಿಟ್ಟು, ತೊಯ್ದು ತೊಪ್ಪೆಯಾಗಿದ್ದ ನಮ್ಮಿಬ್ಬರನ್ನು ತಡೆದ. “ಹಾಡೋರು ಮಾತ್ರ ಸಾರ್.” ನಾವು ಬಂದು ಕಾರಿನಲ್ಲಿ ಕೂತೆವು. ಕಾರಿನಲ್ಲಿ ರೇಡಿಯೋ ಇರಲಿಲ್ಲ. ಅಪ್ಪ ಕೈಗಡಿಯಾರ ನೋಡುತ್ತಾ ಸ್ಟಿಯರಿಂಗ್ ಮೇಲೆ ಬೆರಳಿಂದ ತಾಳ ಹಾಕತೊಡಗಿದರು. “ಈಗ ಪಲ್ಲವಿ” ಎಂದರು. ತುಸು ಹೊತ್ತಾದ ಮೇಲೆ “ಈಗ ಚರಣ” ಎಂದರು. ಅವರ ಕಣ್ಣು ತುಂಬಿತ್ತು. ನನ್ನನ್ನು ಹತ್ತಿರ ಎಳೆದುಕೊಂಡರು.

ಮನೆಗೆ ಬಂದರೆ ಬೀದಿಗೆ ಬೀದಿಯೇ ಅಕ್ಕನನ್ನು ಸುತ್ತಿಕೊಂಡಿತು. ಅಮ್ಮ ದೃಷ್ಟಿ ತೆಗೆದಳು. ಎಲ್ಲರೂ ಕೇಳಿದ್ದರು, ಕೇಳದವರು ನಾವಿಬ್ಬರೇ. ಅಕ್ಕನನ್ನು ಮತ್ತೆ ರೇಡಿಯೋದವರು ಕರೆಯಲಿಲ್ಲ. ಅಪ್ಪ ಆ ಹಾಡನ್ನು ರೇಡಿಯೋದಲ್ಲಿ ಕೇಳದೆಯೇ ಹೋದರು.

ಮಕ್ಕಳೇ, ಈಗ ನಿಮ್ಮ ಅಪ್ಪನ ಕಾರಿಗೆ ಹನಿ ಬಿದ್ದರೆ ಸಾಕು, ವೈಪರ್ ತಾನೇ ಏಳುತ್ತದೆ. ನೀವು ಶಾಲೆಯಲ್ಲಿ ಹಾಡಿದರೆ ಸಂಜೆಯೊಳಗೆ ನನ್ನ ಫೋನಿಗೆ ಬರುತ್ತದೆ, ಬೇಕಾದಷ್ಟು ಸಲ ಕೇಳುತ್ತೇನೆ. ಅದರಲ್ಲಿ ನನಗೆ ಸಂತೋಷವೇ ಇದೆ. ಮೊನ್ನೆ ಇದೇ ಕಥೆ ಹೇಳಿದಾಗ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಫೋನ್ ಎತ್ತಿಕೊಂಡು, “ಇರಿ ತಾತ, ಹುಡುಕಿದ್ರೆ ಸಿಗತ್ತೆ” ಎಂದು ಹುಡುಕಲು ಕೂತಳು. ಸಿಗುವುದಿಲ್ಲ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಅವಳ ಪಕ್ಕದಲ್ಲೇ ಕೂತು, ನಾನೂ ಕಾದೆ.