ಏಳನೇ ನಂಬರಿನ ಹಸಿರು ಚೀಟಿ

ಬೈಲಹೊಂಗಲದ ಸುತ್ತ ಯಾರ ಮನೆಯ ಮದುವೆಯೇ ಇರಲಿ, ಉಡುಗೊರೆ ಕೊಡುವ ಆಯೇರಿಯ ಹೊತ್ತಿಗೆ ಜನ ಊಟದ ಪಂಕ್ತಿ ಬಿಟ್ಟು ಹಂದರದಡಿ ಬಂದು ಕೂಡುತ್ತಿದ್ದ ಕಾಲವೊಂದಿತ್ತು. ಮದುಮಕ್ಕಳನ್ನು ನೋಡಲಿಕ್ಕಲ್ಲ, ಮೈಕ್‌ಸೆಟ್ಟಿನ ಭರಮಪ್ಪ ಏನು ಹೇಳುತ್ತಾನೆ ಎಂದು ಕೇಳಲಿಕ್ಕೆ. ಅಕ್ಕಿಕಾಳು ಬಿದ್ದ ಮೇಲೆ ಬೀಗರು, ನೆಂಟರು ತಂದ ಉಡುಗೊರೆಯನ್ನು ಒಂದೊಂದಾಗಿ ಎತ್ತಿ ಹಿಡಿದು, ಕೊಟ್ಟವರ ಹೆಸರು, ಊರು ಕೂಗುವುದು ಎಲ್ಲ ಮೈಕಿನವರೂ ಮಾಡುವ ಕೆಲಸ. ಭರಮಪ್ಪನೂ ಮಾಡುತ್ತಿದ್ದ. ಸೀರೆ, ಕೊಡ, ಪರಾತ ಬಂದರೆ ಹೆಸರು ಕೂಗಿ ಮುಗಿಸುತ್ತಿದ್ದ. ಆದರೆ ವಯರೋ ಸೆಲ್ಲೋ ಇದ್ದ ಸಾಮಾನು ಬಂತೆಂದರೆ ಅವನ ಗಂಟಲೇ ಬೇರೆಯಾಗುತ್ತಿತ್ತು.

"ಇಂಚಲದ ಬೀಗರಿಂದ ಒಂದು ಟೇಪ್ ರೆಕಾರ್ಡರ್. ದೊಡ್ಡ ಹೆಸರಿನ ಕಂಪನಿ ಅಲ್ಲ, ಖರೆ ಒಳಗಿನ ಮೋಟರ್ ಗಟ್ಟಿ ಐತಿ. ತಿಂಗಳಿಗೊಮ್ಮೆ ಹೆಡ್ಡು ಒರಸ್ಕೋರಿ, ಹತ್ತು ವರ್ಷ ಹಾಡತೈತಿ."

ಕೊಟ್ಟವರು ಹೆಗಲ ಮೇಲಿನ ಟಾವೆಲ್ ಸರಿಮಾಡಿಕೊಳ್ಳುತ್ತಿದ್ದರು. ಸಾಮಾನು ಹುಳುಕಾಗಿದ್ದರೆ ಅದನ್ನೂ ಅದೇ ಗಂಟಲಲ್ಲಿ ಹೇಳುತ್ತಿದ್ದ. ಕೊಟ್ಟವರು ಆಗ ಚಪ್ಪಲಿ ಹುಡುಕುತ್ತಿದ್ದರು. ಮೊದಮೊದಲು ಜಗಳಗಳಾದವು. ಅವನು ಒಮ್ಮೆಯೂ ಸುಳ್ಳು ಹೇಳುವುದಿಲ್ಲ ಎಂದು ಗೊತ್ತಾದ ಮೇಲೆ ಜನರೇ ಸಾಮಾನು ಕೊಳ್ಳುವ ಮುಂಚೆ ಅವನ ಮನೆಗೆ ಬಂದು ಕೇಳಿ ಹೋಗತೊಡಗಿದರು. ಸವದತ್ತಿ, ರಾಮದುರ್ಗ, ಕಿತ್ತೂರಿನ ಕಡೆಯ ಮದುವೆಗೂ ಅವನದೇ ಮೈಕು ಬೇಕು ಎನ್ನುವಂತಾಯಿತು.

ಜನರಿಗೆ ಇದು ಮೋಜು. ಆದರೆ ಆಂಪ್ಲಿಫಾಯರ್ ಪಕ್ಕ ಕುಳಿತು ವಯರು ಸುತ್ತುತ್ತಿದ್ದ ಅವನ ಹೆಂಡತಿ ರಾಯವ್ವನಿಗೆ ಇದು ಮೋಜಲ್ಲವೆಂದು ಗೊತ್ತಿತ್ತು. ಗಂಡ ಕಾಯುತ್ತಿದ್ದಾನೆ ಎಂದು ಗೊತ್ತಿತ್ತು. ಅವಳೂ ಕಾಯುತ್ತಿದ್ದಳು.

ಅದಕ್ಕೊಂದು ಹಿಂದಿನ ಕಥೆ ಇದೆ. ಭರಮಪ್ಪ ಹನ್ನೊಂದು ವರ್ಷ ಹುಬ್ಬಳ್ಳಿಯಲ್ಲಿ ವಜ್ರಕಾಂತಿ ಎನ್ನುವ ಮಿಕ್ಸರ್ ಕಂಪನಿಯಲ್ಲಿದ್ದ. ತಯಾರಾದ ಮಿಕ್ಸರುಗಳನ್ನು ಕಡೆಗೊಮ್ಮೆ ಪರೀಕ್ಷೆ ಮಾಡುವ ಕೆಲಸ. ಪಾಸಾದರೆ ಹಸಿರು ಚೀಟಿ, ನಪಾಸಾದರೆ ಕೆಂಪು ಚೀಟಿ. ಹಸಿರು ಚೀಟಿಯ ಮೇಲೆ ಪರೀಕ್ಷೆ ಮಾಡಿದವನ ನಂಬರು ಇರುತ್ತಿತ್ತು. ಭರಮಪ್ಪನದು ಏಳು. ನಪಾಸಾದದ್ದರ ತಳಕ್ಕೆ ತನ್ನ ನೆನಪಿಗೆಂದು ಸ್ಕ್ರೂಡ್ರೈವರಿನಿಂದ ಒಂದು ಅಡ್ಡ ಗೀರನ್ನೂ ಎಳೆಯುತ್ತಿದ್ದ. ಇದನ್ನೆಲ್ಲ ಅವನು ಊಟಕ್ಕೆ ಕುಳಿತಾಗ ಎಷ್ಟು ಸಲ ಹೇಳಿದ್ದನೆಂದರೆ ರಾಯವ್ವ ಸಾಲಿ ಕಲಿಯದಿದ್ದರೂ ಏಳರ ಅಂಕಿಯನ್ನು ದೂರದಿಂದಲೇ ಗುರುತು ಹಿಡಿಯುತ್ತಿದ್ದಳು.

ತೊಂಬತ್ತನಾಲ್ಕರಲ್ಲಿ ಮಾಲಕ ಬಸಲಿಂಗಪ್ಪ ಮೋಟರಿನೊಳಗಿನ ತಾಮ್ರದ ತಂತಿ ತೆಗೆಸಿ, ಅಲ್ಯೂಮಿನಿಯಂ ತಂತಿಗೆ ಕೆಂಪು ವಾರ್ನಿಶ್ ಬಳಿಸಿ ಸುತ್ತಿಸಿದ. ಅರ್ಥಿಂಗ್ ವಯರೂ ಬೇಡವೆಂದ. ಭರಮಪ್ಪ ಆ ಸಲ ತಯಾರಾದ ಇನ್ನೂರಕ್ಕೆ ಇನ್ನೂರೂ ಮಿಕ್ಸರಿಗೆ ಕೆಂಪು ಚೀಟಿ ಹಚ್ಚಿ ಮನೆಗೆ ಬಂದ.

ಅದೇ ಸುಮಾರಿಗೆ ರಾಯವ್ವನ ತಂಗಿ ಚನ್ನವ್ವನ ಮದುವೆ. ಉಡುಗೊರೆಗೆ ಮಿಕ್ಸರ್ ತರಲು ರಾಮದುರ್ಗದ ಅಂಗಡಿಗೆ ರಾಯವ್ವ ಒಬ್ಬಳೇ ಹೋದಳು. ಅಂಗಡಿಯವನು ಬೇರೆ ಬೇರೆ ಡಬ್ಬಿ ತೋರಿಸಿದ. ಅವಳು ಯಾವುದನ್ನೂ ಒಪ್ಪಲಿಲ್ಲ. ಏಳನೇ ನಂಬರಿನದೇ ಬೇಕು, ನಮ್ಮ ಮನೆಯವರು ಕೈಯಾರೆ ನೋಡಿದ್ದು, ಎಂದಳು. ಹಸಿರು ಚೀಟಿ, ಏಳರ ಅಂಕಿ ಹುಡುಕಿ ಹುಡುಕಿ ತೆಗೆದುಕೊಂಡಳು. ಆ ಚೀಟಿ ಎದುರಿಗೆ ಕಾಣುವಂತೆಯೇ ಮಿಕ್ಸರನ್ನು ತಂಗಿಯ ಗಂಡನ ಮನೆಯ ಅಡುಗೆಮನೆಯ ಹಲಗೆಯ ಮೇಲೆ ಇಟ್ಟು ಬಂದಳು.

ಒಂಬತ್ತನೇ ದಿನ ಮಿಕ್ಸರಿನ ತಳ ಕರಗಿ ಕರೆಂಟು ಮೈಗೆ ಬಂತು. ಚನ್ನವ್ವನ ಹಸಿ ಕೈ ಅಂಟಿಕೊಂಡಿತು. ಜೀವ ಉಳಿಯಿತು, ಬಲಗೈಯ ಎರಡು ಬೆರಳು ಮಡಚಿದವು ಮಡಚಿದಂತೆಯೇ ಉಳಿದವು.

ಸುಟ್ಟ ಮಿಕ್ಸರನ್ನು ಭರಮಪ್ಪ ತಿರುವಿ ನೋಡಿದ. ಮೇಲೆ ಏಳನೇ ನಂಬರಿನ ಹಸಿರು ಚೀಟಿ. ತಳದಲ್ಲಿ ತಾನೇ ಎಳೆದ ಅಡ್ಡ ಗೀರು. ಯಾರೋ ಕೆಂಪು ಕಿತ್ತು ಹಸಿರು ಹಚ್ಚಿದ್ದರು. ಅದನ್ನು ಚೀಲದಲ್ಲಿಟ್ಟುಕೊಂಡು ಹುಬ್ಬಳ್ಳಿಗೆ ಹೋದ. ಬಸಲಿಂಗಪ್ಪ ಮಿಕ್ಸರನ್ನು ಇಸಿದುಕೊಂಡು ಒಳಗಿಡಿಸಿದ, ಆಮೇಲೆ ಎಲ್ಲ ಕೆಲಸಗಾರರನ್ನು ನಿಲ್ಲಿಸಿ, ಏಳನೇ ನಂಬರಿನವನು ನಿದ್ದೆಗಣ್ಣಲ್ಲಿ ಪಾಸು ಮಾಡಿ ತನ್ನ ನಾದಿನಿಯ ಕೈಯನ್ನೇ ಸುಟ್ಟ ಎಂದು ಹೇಳಿ, ಅದನ್ನೇ ಕಾಗದದಲ್ಲಿ ಬರೆಸಿ ಅವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ. ಆ ಮಾತು ರಾಮದುರ್ಗಕ್ಕೂ ಹೋಯಿತು. ಚನ್ನವ್ವನ ಅತ್ತೆ ಶಟ್ಟೆವ್ವ ಅಂದಿನಿಂದ ಭರಮಪ್ಪನನ್ನು ಹೊಸ್ತಿಲು ದಾಟಗೊಡಲಿಲ್ಲ. ರಾಯವ್ವ ಹೋದರೆ ಒಳಗೆ ಕರೆಯುತ್ತಿದ್ದರು, ಚಹಾ ಕೊಡುತ್ತಿದ್ದರು, ಕೊಡುವಾಗ ಶಟ್ಟೆವ್ವ ಸೊಸೆಯ ಆ ಕೈಯಿಂದಲೇ ಕೊಡಿಸುತ್ತಿದ್ದಳು.

ಕೆಲಸ ಹೋಗಿ ಮೈಕ್‌ಸೆಟ್ಟು ಇಟ್ಟುಕೊಂಡ ಆ ಹತ್ತು ವರ್ಷ ಭರಮಪ್ಪನಿಗೆ ಬೇಕಾಗಿದ್ದು ಒಂದೇ: ಚೀಟಿ ಬದಲಿಸಿದ್ದು ಯಾರೆಂದು ಬಸಲಿಂಗಪ್ಪ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಬೇಕು.

ಹಾಗೆಂದು ಅವನಿಗೆ ಯಂತ್ರಗಳ ಮೇಲೆ ಸಿಟ್ಟು ಬರಲಿಲ್ಲ. ಹುಚ್ಚು ಇನ್ನೂ ಹೆಚ್ಚಾಯಿತು. ಪೇಜರ್ ಬಂತು, ಒಂದು ಹಾಳಾದದ್ದನ್ನು ಎಲ್ಲಿಂದಲೋ ತಂದು ಬಿಚ್ಚಿದ. ಇದು ಬಾಯಿ ಇಲ್ಲದ ಸಾಮಾನು, ಬಾಳುವುದಿಲ್ಲ ಎಂದ, ಬಾಳಲಿಲ್ಲ. ಮೊದಲನೇ ಮೊಬೈಲು ನೋಡಿದಾಗ ಹೊಗಳಿದ್ದು ಅದರ ಬ್ಯಾಟರಿಯನ್ನು. ಅರಳುಗಣ್ಣು ಬಿಟ್ಟುಕೊಂಡು ಹೊಸದು ನೋಡುತ್ತಿದ್ದವನು ಕಂಪನಿ ನಡೆಸುವವರ ಸುದ್ದಿ ಬಂದಾಗ ಮಾತ್ರ ಕಣ್ಣು ಸಣ್ಣ ಮಾಡುತ್ತಿದ್ದ. ಪೇಪರಿನಲ್ಲಿ ಯಾವನೋ ದೊಡ್ಡ ಮನುಷ್ಯನ ಫೋಟೋ ಬಂದರೆ, ಈ ಮನುಷ್ಯ ತನ್ನ ಕಂಪನಿಯ ಸಾಮಾನಿನ ಮುಚ್ಚಳ ತೆಗೆದು ಎಷ್ಟು ದಿನವಾಗಿರಬೇಕು ಎಂದು ಕೇಳುತ್ತಿದ್ದ. ವಾರಕ್ಕೊಮ್ಮೆ ತಾನೇ ಕೈಯಾರೆ ಮುಚ್ಚಳ ತೆಗೆಯದವನು ಮಾಲಕನಲ್ಲ, ಬರೀ ಬೋರ್ಡು ಎನ್ನುತ್ತಿದ್ದ.

ಎರಡು ಸಾವಿರದೆರಡರಲ್ಲಿ ಕಿತ್ತೂರಿನ ನಿಜಗುಣಪ್ಪನ ಅಂಗಡಿಗೆ ಕಂಪ್ಯೂಟರು ಬಂತು. ನಿಜಗುಣಪ್ಪ ವಜ್ರಕಾಂತಿಯ ಎಲ್ಲರಿಗಿಂತ ದೊಡ್ಡ ಡೀಲರ್. ಗಿರಾಕಿಗಳ ದೂರು ಬರೆದುಕೊಳ್ಳಲು ಕಂಪನಿಯವರೇ ಸಾಫ್ಟ್‌ವೇರ್ ಹಾಕಿ ಕೊಟ್ಟಿದ್ದರು. ಭರಮಪ್ಪ ರಾಯವ್ವನನ್ನೂ ಕರೆದುಕೊಂಡು ಅದನ್ನು ನೋಡಲು ಹೋದ. ಅರ್ಧ ತಾಸು ಮಗುವಿನಂತೆ ನೋಡಿದ. ದೂರಿಗೆ ಕಾರಣ ಎನ್ನುವ ಕಡೆ ಒತ್ತಿದರೆ ನಾಲ್ಕು ಉತ್ತರ ಕೆಳಗಿಳಿಯುತ್ತಿದ್ದವು: ವೋಲ್ಟೇಜ್ ಹೆಚ್ಚಾಗಿದೆ, ನೀರು ಬಿದ್ದಿದೆ, ಬಳಸಿದವರ ತಪ್ಪು, ಗ್ಯಾರಂಟಿ ಮುಗಿದಿದೆ. ಐದನೆಯದು ಇರಲಿಲ್ಲ. ಕಂಪನಿಯ ತಪ್ಪು ಎಂದು ಬರೆಯಬೇಕಾದರೆ ಎಲ್ಲಿ ಒತ್ತಬೇಕು ಎಂದು ಭರಮಪ್ಪ ಕೇಳಿದ. ನಿಜಗುಣಪ್ಪ ನಕ್ಕು, ಸಾಫ್ಟ್‌ವೇರ್ ಅದನ್ನು ತಗೊಳ್ಳುವುದಿಲ್ಲ ಎಂದ.

ಬಸ್ಸಿನಲ್ಲಿ ಬರುವಾಗ ಭರಮಪ್ಪ ಹೆಂಡತಿಗೆ ಹೇಳಿದ, "ಆ ಮಷೀನು ಪಾಪ, ಏನು ಕಲಿಸಿದ್ರೋ ಅದನ್ನ ಹೇಳತೈತಿ. ಐದನೇದ್ದನ್ನ ಬರೀಬ್ಯಾಡ ಅಂದವನು ಅದರ ಹಿಂದ ಕುಂತಾನ. ಅವನ ಗುರುತು ನನಗೈತಿ."

ಅಂದಿನಿಂದ ಮದುವೆಗಳಲ್ಲಿ ವಜ್ರಕಾಂತಿ ಮಿಕ್ಸರು ಬಂದಾಗ ಭರಮಪ್ಪ ಬಾಯಿಂದ ಬೈಯುತ್ತಿರಲಿಲ್ಲ. ಮದುವೆ ಮನೆಯ ಅರಿಷಿಣ ಕೊಂಬು ಒಂದು ಹಿಡಿ ತರಿಸುತ್ತಿದ್ದ. ಮಿಕ್ಸರಿನ ಜಾರಿಗೆ ಹಾಕಿ, ವಯರು ಚುಚ್ಚಿ, ಮೈಕನ್ನು ಅದರ ಪಕ್ಕ ಹಿಡಿಯುತ್ತಿದ್ದ. ಒಳ್ಳೆಯ ಮೋಟರು ಕೊಂಬನ್ನು ನುಣ್ಣಗೆ ಪುಡಿ ಮಾಡುತ್ತದೆ. ವಜ್ರಕಾಂತಿ ಎರಡನೇ ನಿಮಿಷಕ್ಕೆ ನರಳತೊಡಗುತ್ತಿತ್ತು. ಆ ನರಳಾಟ ನಾಲ್ಕು ಓಣಿಗೆ ಕೇಳುತ್ತಿತ್ತು. ಮೂರನೇ ನಿಮಿಷಕ್ಕೆ ಸುಟ್ಟ ವಾರ್ನಿಶಿನ ವಾಸನೆ ಬಂದು ಮುಂದೆ ಕುಳಿತ ಹೆಂಗಸರು ಮೂಗಿಗೆ ಸೆರಗು ಒತ್ತುತ್ತಿದ್ದರು. ಭರಮಪ್ಪ ಸ್ವಿಚ್ಚು ತೆಗೆದು, ಕೊಟ್ಟವರ ಹೆಸರು ಕೂಗಿ, ಮುಂದಿನ ಸಾಮಾನು ಎತ್ತಿಕೊಳ್ಳುತ್ತಿದ್ದ. ಅದಕ್ಕಿಂತ ಹೆಚ್ಚು ಏನೂ ಹೇಳುತ್ತಿರಲಿಲ್ಲ.

ಎರಡು ವರ್ಷದಲ್ಲಿ ಸುತ್ತಲಿನ ಊರುಗಳಲ್ಲೆಲ್ಲ ಮದುವೆಗೆ ವಜ್ರಕಾಂತಿ ಕೊಡುವವರೇ ಇಲ್ಲವಾದರು. ನಿಜಗುಣಪ್ಪನ ಅಂಗಡಿಯ ಅಟ್ಟದಲ್ಲಿ ಡಬ್ಬಿಗಳು ಧೂಳು ತಿಂದವು.

ಅಂಥದ್ದರಲ್ಲಿ ನಿಜಗುಣಪ್ಪನ ಮಗಳು ಉಮಾಶ್ರೀಯ ಮದುವೆ ಬಂತು. ಮೈಕಿಗೆ ಭರಮಪ್ಪನನ್ನೇ ಕರೆಸು ಎಂದು ಹೇಳಿದವನು ಬಸಲಿಂಗಪ್ಪ. ಆ ಬಾಯಿಂದಲೇ ಒಳ್ಳೆಯ ಮಾತು ಬರಬೇಕು, ಆಗಲೇ ಅಟ್ಟದ ಡಬ್ಬಿಗಳು ಇಳಿಯುತ್ತವೆ ಎಂದು ಅವನ ಲೆಕ್ಕಾಚಾರ. ಕರೆ ಬಂದಾಗ ಭರಮಪ್ಪ ಒಪ್ಪಿಕೊಂಡು, ಮರುದಿನವೇ ರಾಯವ್ವನನ್ನು ರಾಮದುರ್ಗಕ್ಕೆ ಕಳಿಸಿದ. ಚನ್ನವ್ವನನ್ನೂ ಅವಳ ಅತ್ತೆಯನ್ನೂ ಕಿತ್ತೂರಿಗೆ ಕರೆತರಬೇಕು. ಶಟ್ಟೆವ್ವ ಬರುವುದಿಲ್ಲ ಎಂದಳು. ರಾಯವ್ವ ಅವಳ ಕಟ್ಟೆಯ ಮೇಲೆ ಸಂಜೆಯವರೆಗೆ ಸುಮ್ಮನೆ ಕುಳಿತಳು. ಕಡೆಗೆ ಶಟ್ಟೆವ್ವನೇ ಬೇಸತ್ತು ಚೀಲ ತೆಗೆದುಕೊಂಡು ಹೊರಟಳು.

ಮದುವೆಯ ದಿನ ಬಸಲಿಂಗಪ್ಪ ಬಿಳಿ ಕಾರಿನಲ್ಲಿ ಬಂದ. ಮೈ ತುಂಬಿತ್ತು, ಕೂದಲಿಗೆ ಬಣ್ಣ ಹಚ್ಚಿದ್ದ. ಮೈಕಿನ ಬಳಿ ನಿಂತು, ಎಲ್ಲರಿಗೂ ಕೇಳುವಂತೆ, "ಏನಪಾ ಭರಮಪ್ಪ, ಈಗರೆ ನಿದ್ದಿ ಬಿಟ್ಟಿಯೋ ಇಲ್ಲೋ?" ಎಂದ. ನಾಲ್ಕು ಜನ ನಕ್ಕರು.

"ಹತ್ತು ವರ್ಷಾತ್ರಿ ಸಾಹೇಬ್ರ, ನಿದ್ದೀನ ಬಂದಿಲ್ಲ," ಎಂದ ಭರಮಪ್ಪ.

ಆಯೇರಿ ಶುರುವಾಯಿತು. ಬಸಲಿಂಗಪ್ಪನ ಉಡುಗೊರೆ ಬಂಗಾರದ ಬಣ್ಣದ ಕಾಗದದಲ್ಲಿತ್ತು. ವಜ್ರಕಾಂತಿಯ ಹೊಸ ಮಿಕ್ಸರು. ಭರಮಪ್ಪ ಸ್ಕ್ರೂ ತೆಗೆದು ತಳ ಬಿಚ್ಚಿದ. ಒಳಗೆ ನೋಡಿದವನು ನೋಡುತ್ತಲೇ ಉಳಿದ. ಗಂಡನ ಕುತ್ತಿಗೆಯ ನರ ಉಬ್ಬಿದ್ದು ರಾಯವ್ವನಿಗೆ ಕಂಡಿತು. ಏನೋ ಸರಿಯಿಲ್ಲ ಎಂದು ಅವಳಿಗನಿಸಿತು. ಅರಿಷಿಣ ಕೊಂಬು ಹಾಕಿದ, ಮೈಕು ಹಿಡಿದ. ಎರಡು ನಿಮಿಷ, ಮೂರು, ಐದು. ಮಿಕ್ಸರು ನರಳಲಿಲ್ಲ. ವಾಸನೆ ಬರಲಿಲ್ಲ. ಜಾರಿನಲ್ಲಿ ಹಳದಿ ಹಿಟ್ಟು ಹೊಗೆಯಂತೆ ಎದ್ದಿತು.

ಸುಳ್ಳು ಹೇಳಿಬಿಡಲಿ ಎಂದು ರಾಯವ್ವ ಮನಸ್ಸಿನಲ್ಲೇ ಬೇಡಿಕೊಂಡಳು. ಒಂದೇ ಸಲ.

"ವಜ್ರಕಾಂತಿ ಮಾಲಕರಾದ ಬಸಲಿಂಗಪ್ಪ ಸಾಹೇಬ್ರಿಂದ ಒಂದು ಮಿಕ್ಸರ್," ಎಂದ ಭರಮಪ್ಪ. "ಅಸಲ್ ತಾಮ್ರ. ಅರ್ಥಿಂಗ್ ಸೈತ ಹಾಕ್ಯಾರ. ಇಷ್ಟು ಚಲೋ ಮಿಕ್ಸರ್ ನಾ ನೋಡಿ ಭಾಳ ವರ್ಷಾತು."

ಬಸಲಿಂಗಪ್ಪ ನಿಜಗುಣಪ್ಪನ ಕಡೆ ನೋಡಿ ಕತ್ತು ಆಡಿಸಿದ. ಶಟ್ಟೆವ್ವ ರಾಯವ್ವನ ಕಡೆ ತಿರುಗಿ, ಇದನ್ನು ತೋರಿಸಲು ಕರೆತಂದೆಯಾ ಎನ್ನುವಂತೆ ನೋಡಿದಳು.

ಭರಮಪ್ಪ ಮೈಕು ಕೆಳಗಿಡಲಿಲ್ಲ. "ನಿಜಗುಣಪ್ಪನೋರ, ಇದ ಮಾಡೆಲ್ ನಿಮ್ಮ ಅಂಗಡ್ಯಾಗ ಐತೇನ್ರಿ?"

ಐತಿ, ಎಂದ ನಿಜಗುಣಪ್ಪ.

"ಮಾಲು ಚಲೋ ಐತಿ ಅಂತ ಹೇಳೇನಿ. ಒಂದು ತರಸ್ರಿ. ಮಂದಿ ಕಣ್ಣಾರೆ ನೋಡಿ ತಗೊಂಡು ಹೋಗ್ಲಿ."

ಬಸಲಿಂಗಪ್ಪ ಈಗ ಹೊತ್ತಾಯಿತು, ಊಟ ಆಗಲಿ ಎಂದ. ಆದರೆ ನಿಜಗುಣಪ್ಪನ ಹೆಂಡತಿ ಸಾವಿತ್ರೆವ್ವ ಕೇಳಲಿಲ್ಲ. "ತರಸ್ರಿ. ನಮ್ಮ ಬಳಗಕ್ಕೆಲ್ಲ ನಾವ ಕೊಟ್ಟೇವಿ, ನೋಡೂಣು."

ಅಂಗಡಿ ಎದುರಿಗೇ ಇತ್ತು. ಸೀಲು ಒಡೆಯದ ಡಬ್ಬಿ ಬಂತು. ಅದೇ ಬಣ್ಣ, ಅದೇ ಹೆಸರು, ಮೇಲೆ ಹಸಿರು ಚೀಟಿ. ಅದೇ ಒಂದು ಹಿಡಿ ಕೊಂಬು. ಎರಡನೇ ನಿಮಿಷಕ್ಕೆ ನರಳಾಟ, ಮೂರನೆಯದಕ್ಕೆ ವಾಸನೆ. ಭರಮಪ್ಪ ಈ ಸಲ ಸ್ವಿಚ್ಚು ತೆಗೆಯಲಿಲ್ಲ. ತಳದಿಂದ ಹೊಗೆ ಬಂದು ಮದುಮಗಳು ಕೆಮ್ಮಿದ ಮೇಲೆಯೇ ತೆಗೆದ.

"ಸಾಹೇಬ್ರಿಗೆ ಚಲೋ ಮಾಡಾಕ ಬರತೈತಿ," ಎಂದ. ಅವನ ದನಿ ಏರಲಿಲ್ಲ. "ಬರೂದಿಲ್ಲ ಅಂತ ನಾ ಹತ್ತು ವರ್ಷ ತಿಳ್ಕೊಂಡಿದ್ದೆ. ತಪ್ಪು ನಂದು. ಬರತೈತಿ. ಮೈಕಿಗೆ ಒಂದು ಮಾಡತಾರ, ನಮ್ಮ ಮನಿಗೆ ಒಂದು ಮಾಡತಾರ."

ಆಗ ಚನ್ನವ್ವ ಎದ್ದಳು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಹೆಂಗಸರ ನಡುವಿನಿಂದ ದಾರಿ ಮಾಡಿಕೊಂಡು ಹೋಗಿ, ಮಡಚಿದ ಬೆರಳಿನ ಕೈಯನ್ನು ಬಸಲಿಂಗಪ್ಪನ ಮುಂದೆ ಚಾಚಿದಳು.

"ಏಳನೇ ನಂಬರಿನ ಚೀಟಿ ನನ್ನ ಮಿಕ್ಸರಿಗೆ ಯಾರು ಹಚ್ಚಿದ್ರು, ಹೇಳ್ರಿ."

ಭರಮಪ್ಪ ಮೈಕನ್ನು ಬಸಲಿಂಗಪ್ಪನ ಬಾಯಿಗೆ ಹಿಡಿದ. ಬಸಲಿಂಗಪ್ಪ ಗಂಟಲು ಸರಿಮಾಡಿಕೊಂಡು, ಆ ಕಾಲದಲ್ಲಿ ಕಂಪನಿಯ ಕಡೆಯಿಂದ ಸ್ವಲ್ಪ ಹೆಚ್ಚುಕಡಿಮೆ ಆಗಿತ್ತು ಎಂದ.

"ಕಂಪನಿಗೆ ಕೈ ಇಲ್ರಿ," ಎಂದ ಭರಮಪ್ಪ. "ಯಾರ ಮಾತಿನ ಮ್ಯಾಲೆ ಹಚ್ಚಿದ್ರು?"

ಬಸಲಿಂಗಪ್ಪ ನಿಜಗುಣಪ್ಪನ ಮುಖ ನೋಡಿದ. ಮಗಳ ಮದುವೆಯ ಹಂದರದಲ್ಲಿ ಹೊಗೆ ಎದ್ದ ಮೇಲೆ ನಿಜಗುಣಪ್ಪನ ಮುಖದಲ್ಲಿ ಸ್ನೇಹ ಉಳಿದಿರಲಿಲ್ಲ. "ಹೇಳ್ರಿ. ಇಲ್ಲಾಂದ್ರ ಉಂಡ ಕೂಡ್ಲೆ ಅಂಗಡಿ ಮ್ಯಾಲಿನ ನಿಮ್ಮ ಬೋರ್ಡ್ ಇಳಸ್ತೇನಿ," ಎಂದ.

ಬಸಲಿಂಗಪ್ಪ ನೆಲ ನೋಡಿದ. ಸ್ಪೀಕರಿನಿಂದ ಹೊರಬಿದ್ದ ದನಿ ಅವನದೆಂದು ನಂಬುವುದೇ ಕಷ್ಟವಾಗಿತ್ತು. "ನಾನ ಹೇಳಿದ್ದೆ. ಕೆಂಪು ಕಿತ್ತು ಹಸರು ಹಚ್ರಿ ಅಂತ. ಭರಮಪ್ಪ ಪಾಸ್ ಮಾಡಿರಲಿಲ್ಲ."

"ಇನ್ನೊಮ್ಮೆ ಹೇಳ್ರಿ," ಎಂದ ಭರಮಪ್ಪ. "ಹಿಂದ ಕುಂತಾವರಿಗೆ ಕೇಳಿಲ್ಲ."

ಕೇಳಿತ್ತು. ರಸ್ತೆಯ ಆಚೆಗೂ ಕೇಳಿತ್ತು. ಆದರೂ ಬಸಲಿಂಗಪ್ಪ ಇನ್ನೊಮ್ಮೆ ಹೇಳಿದ. ಭರಮಪ್ಪ ಮೈಕನ್ನು ಟಾವೆಲಿನಿಂದ ಒರೆಸಿ, ಮುಂದಿನ ಸಾಮಾನು ಎತ್ತಿದ. ಸಂಗೊಳ್ಳಿಯವರಿಂದ ಒಂದು ಹಿತ್ತಾಳೆ ಕೊಡ.

ಶಟ್ಟೆವ್ವ ರಾಯವ್ವನ ಬಳಿ ಬಂದು, ಬರುವ ಸೋಮವಾರ ಇಬ್ಬರೂ ಮನೆಗೆ ಬಂದು ಹೋಗಿ, ಹೋಳಿಗೆ ಮಾಡುತ್ತೇನೆ ಎಂದಷ್ಟೇ ಹೇಳಿದಳು.

ಊಟಕ್ಕೆ ಎಲೆ ಹಾಕುವಾಗ ಬಸಲಿಂಗಪ್ಪ ಹಂದರದ ಬಾಗಿಲಿಗೆ ಬಂದ. ಈ ಸೀಮೆಯಲ್ಲಿ ಮದುವೆ ಮನೆಯಿಂದ ವೈರಿ ಹೊರಟರೂ ಯಾರಾದರೊಬ್ಬರು ತಡೆದು ಉಂಡು ಹೋಗಿ ಎನ್ನುತ್ತಾರೆ. ನಿಜಗುಣಪ್ಪ ಬೀಗರೊಡನೆ ಮಾತಿಗೆ ನಿಂತ. ಸಾವಿತ್ರೆವ್ವ ಒಳಗೆ ಹೋದಳು. ಬಸಲಿಂಗಪ್ಪ ಚಪ್ಪಲಿ ಮೆಟ್ಟುವುದನ್ನು ತಡಮಾಡಿದ. ಒಂದು ಮೆಟ್ಟಿದ, ಇನ್ನೊಂದನ್ನು ಕಾಲಲ್ಲೇ ಹುಡುಕುತ್ತ ನಿಂತ. ಅವನಿಗೆ ಎಲ್ಲರಿಗಿಂತ ಹತ್ತಿರ ಇದ್ದವಳು ವಯರು ಸುತ್ತುತ್ತಿದ್ದ ರಾಯವ್ವ. ಅವನು ಅವಳ ಮುಖವನ್ನೇ ನೋಡಿದ.

ಉಂಡು ಹೋಗಿ ಎಂದು ಹುಟ್ಟಿದಂದಿನಿಂದ ಆಡಿದ ಮಾತು ತಾನಾಗಿಯೇ ಅವಳ ನಾಲಿಗೆಯ ತುದಿಗೆ ಬಂತು. ರಾಮದುರ್ಗದ ಅಂಗಡಿಯಲ್ಲಿ ಏಳರ ಅಂಕಿ ಹುಡುಕುತ್ತಿದ್ದ ತನ್ನ ಬೆರಳು ಅವಳ ಕಣ್ಣಿಗೆ ಕಟ್ಟಿತು. ಮಾತನ್ನು ನುಂಗಿಕೊಂಡಳು.

"ಆ ಕಡೆ ಸರೀರಿ," ಎಂದಳು. "ವಯರ್ ಮ್ಯಾಲೆ ನಿಂತೀರಿ."

ಬಸಲಿಂಗಪ್ಪ ಸರಿದು, ಬರಿಹೊಟ್ಟೆಯಲ್ಲಿ ಕಾರು ಹತ್ತಿದ.