ಪಂಚಮಿಗೆ ಬಂದ ಸಮನ್ಸ್

ಮದುವೆಯಾಗಿ ಜಗಳೂರಿಗೆ ಬಂದ ಮೇಲೆ ಒಂದು ವರ್ಷವೂ ತಪ್ಪದೆ ನನ್ನ ತಮ್ಮ ಪಂಚಮಿಗೆ ಕರೆದುಕೊಂಡು ಹೋಗಲು ಬಂದಿದ್ದ. ಕತ್ತಲಗೆರೆಯಿಂದ ಅಷ್ಟು ದೂರ ಬೈಕಿನಲ್ಲೇ ಬರುತ್ತಿದ್ದ. ಬಸ್ಸಿಗೆ ಬಾರೋ ಎಂದರೆ ಕೇಳುವ ಆಸಾಮಿಯಲ್ಲ. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತು, "ಹೊರಡಕ್ಕ, ಅವ್ವ ಉಂಡಿ ಕಟ್ಟಾಕೆ ಕಾಯ್ತಾ ಅದಾಳೆ" ಎನ್ನುತ್ತಿದ್ದ. "ಬರಲ್ಲ ಹೋಗೋ, ನನಗೇನು ಕೆಲಸ ಇಲ್ವಾ?" ಎಂದು ನಾನು ಗದರುತ್ತಿದ್ದೆ. ಬ್ಯಾಗು ಹಿಂದಿನ ದಿನವೇ ತುಂಬಿಟ್ಟಿರುತ್ತಿದ್ದೆ, ಅದು ಅವನಿಗೂ ಗೊತ್ತಿತ್ತು.

ಹಬ್ಬದ ದಿನ ಅವ್ವ ಮತ್ತು ನಾನು ನಾಗಪ್ಪನಿಗೆ ಹಾಲೆರೆಯುತ್ತಿದ್ದೆವು. ಮನೆಯವರ ಒಬ್ಬೊಬ್ಬರ ಪಾಲೂ ಬಾಯಿಬಿಟ್ಟು ಹೇಳಿ ಎರೆಯಬೇಕು. ಅಪ್ಪನ ಪಾಲು, ಅವ್ವನ ಪಾಲು, ತಮ್ಮನ ಪಾಲು. ಅಪ್ಪ ತೀರಿಕೊಂಡ ಮೇಲೆ ಅಪ್ಪನದು ಬಿಟ್ಟೆವು. ತಮ್ಮ ಹಿಂದೆ ನಿಂತು, "ನಂದು ಸ್ವಲ್ಪ ಜಾಸ್ತಿ ಹಾಕಕ್ಕ" ಎಂದು ಕಾಡುತ್ತಿದ್ದ. ತಲೆ ನರೆತ ಮೇಲೂ ಆ ಕಾಟ ಬಿಡಲಿಲ್ಲ.

ಹೋದ ವರ್ಷ ಸಂಕ್ರಾಂತಿ ಕಳೆದು ಅವ್ವ ಹೋದಳು. ನೀರಿನ ಚಾನಲ್ಲಿನ ಕೆಳಗಿನ ಗದ್ದೆ ಅವಳ ಹೆಸರಿನಲ್ಲಿತ್ತು. ಕಾರ್ಯ ಮುಗಿದ ಸಂಜೆ ನಾನು, "ನನಗೆ ಗದ್ದೆ ಬೇಡ ಕಣೋ, ಹಬ್ಬಕ್ಕೆ ಕರ್ಕಂಡು ಹೋಗು, ಅಷ್ಟು ಸಾಕು" ಎಂದೆ. ಅವನು ಒಪ್ಪಲಿಲ್ಲ. "ಇಬ್ರಿಗೂ ಸಮ ಅಂತ ಅವ್ವ ಹೇಳ್ಯಾಳೆ. ಸಮ ಅಂದ್ರೆ ಸಮ" ಎಂದ. ಚಹಾ ಆರುವುದರೊಳಗೆ ಮಾತು ಮುಗಿಯಿತು. ಕಾಗದಪತ್ರದ ಕೆಲಸಕ್ಕೆ ಅವನು ಚನ್ನಗಿರಿಯ ಒಬ್ಬ ವಕೀಲರನ್ನು ಹಿಡಿದ.

ಪಂಚಮಿ ಹತ್ತಿರ ಬಂತು. ಒಂದು ಮಧ್ಯಾಹ್ನ ಮನೆ ಮುಂದೆ ಬೈಕು ನಿಂತ ಸದ್ದಾಯಿತು. ಒಲೆ ಮೇಲೆ ಚಹಾಕ್ಕಿಟ್ಟು, "ಬರಲ್ಲ ಹೋಗೋ" ಎನ್ನುತ್ತಲೇ ಬಾಗಿಲಿಗೆ ಬಂದೆ. ಯಾರೋ ಅಪರಿಚಿತ ಕಕ್ಕಾಬಿಕ್ಕಿಯಾಗಿ ನಿಂತಿದ್ದ. ಕೋರ್ಟಿನ ಅಮೀನ. "ಸಮನ್ಸ್ ಐತ್ರಿ ಅಮ್ಮಾರೆ, ಇಲ್ಲೊಂದು ಸಹಿ ಹಾಕ್ರಿ" ಎಂದ. ವಾದಿ ಎಂದಿದ್ದಲ್ಲಿ ತಮ್ಮನ ಹೆಸರು, ಪ್ರತಿವಾದಿ ಎಂದಿದ್ದಲ್ಲಿ ನನ್ನ ಹೆಸರು. ಒಳಗಿನಿಂದ ಅತ್ತೆ, "ತಮ್ಮ ಬಂದ್ನೇನವ್ವ?" ಎಂದರು. ತಮ್ಮನಿಗೆಂದು ಇಟ್ಟ ಚಹಾ ಆ ಅಮೀನನಿಗೇ ಕೊಟ್ಟೆ. ಪಾಪ, ಬಿಸಿಲಲ್ಲಿ ಬಂದಿದ್ದ, ಅವನದೇನು ತಪ್ಪು.

ಫೋನು ಮಾಡಿದರೆ ತಮ್ಮ ಅತ್ತುಬಿಟ್ಟ. "ಅದು ಬರೀ ಲೆಕ್ಕಕ್ಕೆ ಅಕ್ಕಾ. ಕೇಸ್ ಹಾಕಿ ಅಲ್ಲೇ ರಾಜಿ ಮಾಡ್ಕಂಡ್ರೆ ಗಟ್ಟಿ ಆಗ್ತೈತೆ ಅಂದ್ರು ವಕೀಲ್ರು. ನಿಂಗೆ ಮೊದ್ಲೇ ತಿಳಿಸ್ತೀನಿ ಅಂತಾನೂ ಅಂದಿದ್ರು." ನಂಬಿದೆ. ಆದರೆ ಆ ಪಂಚಮಿಗೆ ಮುಖ ತೋರಿಸಲು ನಾಚಿ ಅವನು ಬರಲಿಲ್ಲ. ಬಂದೇ ಬರುತ್ತಾನೆಂದು ಹಬ್ಬದ ಮಧ್ಯಾಹ್ನದವರೆಗೂ ಬ್ಯಾಗು ಬಿಚ್ಚದೆ ಕೂತಿದ್ದೆ.

ಕೇಸು ಲೋಕ ಅದಾಲತ್ತಿನಲ್ಲಿ ಒಂದೇ ಬೆಳಗಿನಲ್ಲಿ ಮುಗಿಯಿತು. ಆಮೇಲೆ ಶುರುವಾದದ್ದು ಫೀಸಿನ ಕಥೆ. ಗದ್ದೆಯ ಬೆಲೆಯಲ್ಲಿ ನೂರಕ್ಕೆ ಇಷ್ಟು ಎಂದು ತಮ್ಮನ ಕಡೆಯಿಂದ ಒಂದು, ನನ್ನ ಕಡೆಯಿಂದ ಇನ್ನೊಂದು. ನನ್ನ ಪರ ನಿಂತದ್ದು ಅದೇ ವಕೀಲರ ಜೂನಿಯರ್ ಹುಡುಗ. ನನ್ನನ್ನು ನನ್ನ ತಮ್ಮನಿಂದ ಕಾಪಾಡಿದ್ದಕ್ಕೆ ಫೀಸು! ಹೊನ್ನಾಳಿಯ ನಮ್ಮ ಚಿಕ್ಕಮ್ಮನ ಮಕ್ಕಳು ಇದೇ ಕೆಲಸಕ್ಕೆ ಕೋರ್ಟಿನ ಮೆಟ್ಟಿಲು ಹತ್ತಿರಲಿಲ್ಲ. ತಾಲ್ಲೂಕು ಆಫೀಸಿನಲ್ಲಿ ಸತ್ತವರ ಹೆಸರಿನಿಂದ ಮಕ್ಕಳ ಹೆಸರಿಗೆ ಪೌತಿ ಖಾತೆ ಮಾಡಿಸಿ, ಪಾಲುಪತ್ರ ರಿಜಿಸ್ಟರ್ ಮಾಡಿಸಿ ಮುಗಿಸಿದ್ದರು. ನನಗೆ ಮೈಯೆಲ್ಲ ಉರಿಯಿತು.

ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ತಮ್ಮನನ್ನು ಸೇರಿಕೊಂಡು ನೇರ ವಕೀಲರ ಆಫೀಸಿಗೆ ಹೋದೆ. "ಜಗಳವೇ ಇಲ್ಲದ ಕಡೆ ಜಗಳ ಹುಟ್ಟಿಸಿ, ಎರಡೂ ಕಡೆ ದುಡ್ಡು ಕೇಳ್ತೀರಲ್ಲ, ನ್ಯಾಯವೇನ್ರೀ ಇದು?" ಎಂದೆ.

ವಕೀಲರು ಸ್ವಲ್ಪವೂ ಬೇಸರ ಮಾಡಿಕೊಳ್ಳಲಿಲ್ಲ. "ನೋಡಿ ಅಮ್ಮ, ಒಡಹುಟ್ಟಿದೋರು ಇವತ್ತು ಚೆನ್ನಾಗಿರ್ತಾರೆ. ನಾಳೆ ಗದ್ದೆ ರೇಟು ಏರಿದ ಮೇಲೆ ನೀವು ಬಂದು ಇನ್ನಷ್ಟು ಬೇಕು ಅಂದ್ರೆ? ನಿಮ್ಮ ಮಕ್ಕಳು ಬಂದ್ರೆ? ಆ ಭಯ ಇತ್ತು ಅಂತಾನೇ ಇವ್ರು ಕೋರ್ಟಿಗೆ ಒಪ್ಪಿದ್ದು. ಕೇಳಿ ಬೇಕಾದ್ರೆ."

ನಾನು ತಮ್ಮನ ಕಡೆ ತಿರುಗಿದೆ. ಇಲ್ಲ ಅನ್ನೋ, ಒಂದು ಸಲ ಇಲ್ಲ ಅಂದುಬಿಡೋ ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದ.

ಆಮೇಲೆ ನಾನು ಏನು ಮಾತಾಡಿದೆನೋ, ಅದೆಲ್ಲ ವಕೀಲರ ಮೇಲಿನ ಸಿಟ್ಟಾಗಿರಲಿಲ್ಲ. ಆಸ್ತಿಯಲ್ಲಿ ನೂರಕ್ಕೆ ಇಷ್ಟು ಎಂದು ಕೇಳುವುದು ನಿಮಗೆ ಸಲ್ಲದು, ವಕೀಲರ ಪರಿಷತ್ತಿಗೆ ದೂರು ಬರೆಯುತ್ತೇನೆ ಎಂದು ಕೂಗಾಡಿದೆ. ಕೆಳಗಿನ ಅಂಗಡಿಯವರು ತಲೆ ಎತ್ತಿ ನೋಡಿದರು. ಕೊನೆಗೆ ವಕೀಲರು ನನ್ನ ಕಡೆಯ ಫೀಸು ಬಿಟ್ಟರು, ತಮ್ಮ ಕೊಟ್ಟಿದ್ದ ಮುಂಗಡದಲ್ಲೂ ಒಂದಿಷ್ಟು ವಾಪಸ್ ಕೊಟ್ಟರು. ನಾವು ಗೆದ್ದೆವು.

ಪ್ರತಿ ಸಲ ಹಬ್ಬ ಮುಗಿಸಿ ನನ್ನನ್ನು ಬಸ್ಸು ಹತ್ತಿಸುವಾಗ ತಮ್ಮ ಕಿಟಕಿಯಿಂದ ಒಂದು ನೋಟು ನನ್ನ ಮಡಿಲಿಗೆ ಎಸೆದು, ನಾನು ಬೈಯುವುದರೊಳಗೆ ಓಡಿಬಿಡುತ್ತಿದ್ದ. ಅವತ್ತು ಕಿಟಕಿಯ ಕೆಳಗೆ ನಿಂತು, ವಾಪಸ್ ಬಂದ ಹಣದಲ್ಲಿ ಸರಿಯಾಗಿ ಅರ್ಧ ಎಣಿಸಿ ಕೊಟ್ಟ. "ನೀನೂ ಒಂದ್ಸಲ ಎಣಿಸ್ಕ ಅಕ್ಕ" ಎಂದ. ಎಣಿಸಿದೆ. ದಾವಣಗೆರೆ ಬರುವವರೆಗೂ ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಅವ್ವ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಈ ವರ್ಷ ಪಂಚಮಿಗೆ ಮುಂಚೆ ತಮ್ಮನ ಫೋನು ಬಂತು. "ಅಕ್ಕಾ, ಈ ಸಲ ಹಬ್ಬಕ್ಕೆ ಬರ್ತೀಯೇನು?" ಅವನು ಹಾಗೆ ಕೇಳಿದ್ದು ಅದೇ ಮೊದಲು. ಎದುರಿಗೇ ಬ್ಯಾಗು ತುಂಬಿಟ್ಟುಕೊಂಡು ಕೂತಿದ್ದೆ. ಬಾಯಿಗೆ ಮಾತ್ರ ಹಳೆಯ ಮಾತೇ ಬಂತು. "ಬರಲ್ಲ ಹೋಗೋ, ನನಗೇನು ಕೆಲಸ ಇಲ್ವಾ?"

ಅವನು ನಗುತ್ತಾನೆಂದು, ಬೈದು ಎಳೆಯುತ್ತಾನೆಂದು ಕಾದೆ.

"ಹೂಂ, ಸರಿ ಹಂಗಾರೆ" ಎಂದು ಫೋನಿಟ್ಟ.

ಹಬ್ಬದ ದಿನ ಇಲ್ಲೇ, ಜಗಳೂರಿನಲ್ಲೇ ಹಾಲೆರೆದೆ. ಅತ್ತೆಯ ಪಾಲು, ಗಂಡನ ಪಾಲು, ಮಕ್ಕಳ ಪಾಲು ಆಯಿತು. ಅವ್ವನ ಪಾಲು ಎನ್ನಲು ಹೋಗಿ ನಿಲ್ಲಿಸಿದೆ. ತವರಿನ ಕಡೆ ಹೇಳಲು ಇನ್ನು ಒಂದೇ ಉಳಿದಿತ್ತು. ಜಾಸ್ತಿ ಹಾಕು ಎನ್ನುವವರು ಹಿಂದೆ ಯಾರೂ ಇರಲಿಲ್ಲ. ತಮ್ಮನ ಪಾಲು ಎಂದು ತಂಬಿಗೆಯಲ್ಲಿದ್ದ ಹಾಲನ್ನೆಲ್ಲ ಎರೆದೆ.